ಟವಲಿನ ಕೆಳಗಿನ ಕೈ

ಅವರ ಅಂಗೈ ಕಡುಬೇಸಗೆಯಲ್ಲೂ ತಣ್ಣಗಿರುತ್ತಿತ್ತು. ನೀರಿನ ಹರವಿಯ ಬುಡಕ್ಕೆ ಇಟ್ಟ ಕಲ್ಲಿನ ಹಾಗೆ ತಣ್ಣಗೆ, ಒಣಗಿ, ಗಟ್ಟಿ. ಹೆಬ್ಬೆರಳಿನ ಬುಡದಲ್ಲಿ ಎಂದೋ ಹಗ್ಗ ಎಳೆದ ಗಾಯದ ಗೆರೆ, ಬಿಳಿ ದಾರದಿಂದ ಹೊಲಿದಂತೆ. ನಡುಬೆರಳಿನ ಉಗುರು ಹೋರಿಯ ಗೊರಸಿಗೆ ಸಿಕ್ಕು ಅರ್ಧವೇ ಉಳಿದಿತ್ತು. ಆ ಕೈಯನ್ನು ನಾನು ಅವರ ಹೆಂಡತಿಗಿಂತ ಹೆಚ್ಚು ಸಲ ಹಿಡಿದಿದ್ದೇನೆ ಎಂದರೆ ನಗಬೇಡಿ. ದನದ ಸಂತೆಯಲ್ಲಿ ದಲಾಲನ ಕೈ ಹಿಡಿಯದೆ ಒಂದು ಕರುವೂ ಗೂಟ ಬದಲಿಸುವುದಿಲ್ಲ.

ವಿಜಾಪುರ, ತಿಕೋಟಾ, ಬಬಲೇಶ್ವರ, ಈ ಮೂರೂ ಸಂತೆಗಳಲ್ಲಿ ಅವರಿಗೆ ದಲಾಲ ಕಾಕಾ ಎಂದೇ ಹೆಸರು. ಮನೆ ಇಬ್ರಾಹಿಂಪುರದಲ್ಲಿ, ರೈಲು ಹಳಿಯ ಪಕ್ಕಕ್ಕೆ. ಎತ್ತರದ ಆಳು, ತಲೆಗೆ ಹಳದಿ ಪಟಕಾ, ಹೆಗಲಿಗೆ ಒಂದು ಟವಲು. ಆ ಟವಲೇ ಅವರ ಅಂಗಡಿ.

ಗೊತ್ತಿಲ್ಲದವರಿಗೆ ಹೇಳುತ್ತೇನೆ. ದನದ ವ್ಯಾಪಾರದಲ್ಲಿ ಬೆಲೆಯನ್ನು ಬಾಯಿಂದ ಆಡುವ ಪದ್ಧತಿ ಇಲ್ಲ. ದಲಾಲ ಟವಲನ್ನು ತನ್ನ ಕೈಮೇಲೆ ಹರಡುತ್ತಾನೆ. ಅದರ ಕೆಳಗೆ ಮೊದಲು ಮಾರುವವನ ಕೈ, ಆಮೇಲೆ ಕೊಳ್ಳುವವನ ಕೈ. ಬೆರಳು ಹಿಡಿದರೆ ಒಂದು ಅರ್ಥ, ಗೆಣ್ಣು ಒತ್ತಿದರೆ ಇನ್ನೊಂದು, ಅಂಗೈ ಕೆರೆದರೆ ಮತ್ತೊಂದು. ನಯಾ ಪೈಸೆ ಬಂದು ಊರೆಲ್ಲ ಹೊಸ ಲೆಕ್ಕ ಕಲಿಯುತ್ತಿದ್ದ ಕಾಲವದು. ಟವಲಿನ ಕೆಳಗೆ ಮಾತ್ರ ಹಳೆಯ ಭಾಷೆಯೇ ನಡೆದಿತ್ತು. ಸುತ್ತ ನೂರು ಜನ ನಿಂತಿದ್ದರೂ ಬೆಲೆ ಮೂವರ ಚರ್ಮಕ್ಕಷ್ಟೇ ಗೊತ್ತು.

ನಾನು ಆಗ ಮಮದಾಪುರದಿಂದ ಹಗ್ಗ, ಮೂಗುದಾರ ಹೊತ್ತುಕೊಂಡು ಸಂತೆಗೆ ಬರುತ್ತಿದ್ದೆ. ಇಪ್ಪತ್ತು ದಾಟಿತ್ತು, ಮದುವೆಯಾಗಿತ್ತು, ಮಾತು ಜಾಸ್ತಿ ಇತ್ತು. ಒಂದು ದಿನ ಕಾಕಾ ನನ್ನ ಹಗ್ಗವೊಂದನ್ನು ಎತ್ತಿ ನೋಡಿದರು.

"ಲೇ ಹಗ್ಗದವನ, ಎಷ್ಟ ದಿನಾ ತಡೀತೈತಿ ಇದು?"

"ಎರಡ ವರ್ಷ ಖಾತ್ರಿ ರೀ ಕಾಕಾ."

"ಐಬು?"

"ಐಬು ಏನೂ ಇಲ್ರಿ."

ಅವರು ಹಗ್ಗದ ಒಂದು ತುದಿಯನ್ನು ಕಾಲಡಿ ಹಾಕಿ ಜಗ್ಗಿದರು. ಪಟ್ಟನೆ ಹರಿಯಿತು. ಸುತ್ತ ಇದ್ದವರು ನಕ್ಕರು. ಕಾಕಾ ನಗಲಿಲ್ಲ.

"ಐಬು ಇಲ್ಲದಂವ ದೇವ್ರ ಒಬ್ಬಂವ. ಅಂವನೂ ಸಂತೀಗಿ ಬಂದ್ರ ನಾ ಒಂದರ ಹುಡುಕಿ ತಗೀತೀನಿ. ನೋಡ್ಲೇ, ಐಬು ಮೊದ್ಲ ಹೇಳು, ಭಾವ ಆಮ್ಯಾಲ ಹೇಳು. ಹಂಗ ಮಾಡಿದವ್ನ ಕೈಯಾಗ ಮಂದಿ ಕಣ್ಣ ಮುಚ್ಚಿ ಕೈ ಇಡ್ತಾರ."

ಮಾಲಿನ ದೋಷ ಮೊದಲು, ಬೆಲೆ ಆಮೇಲೆ. ಇಂದಿಗೂ ವ್ಯಾಪಾರಕ್ಕೆ ಇಳಿಯುವವರಿಗೆ ನಾನು ಇದನ್ನೇ ಹೇಳುತ್ತೇನೆ. ನಾನು ಉದ್ಧಾರವಾಗಿದ್ದೂ ಇದರಿಂದಲೇ. ಮುಂದಿನ ಸಂತೆಯಿಂದ ಹಗ್ಗದ ಗಂಟನ್ನು ಹೆಂಡತಿಯ ತಮ್ಮನಿಗೆ ಒಪ್ಪಿಸಿ ಕಾಕಾನ ಬೆನ್ನು ಹತ್ತಿದೆ. ಅವರ ಬೆರಳುಗಳ ಭಾಷೆ ಕಲಿಯಲು ಒಂದು ಮಳೆಗಾಲ ಹಿಡಿಯಿತು.

ಒಳ್ಳೆಯ ಮನುಷ್ಯ ಎಂದು ಬರೆದುಬಿಟ್ಟರೆ ಸುಳ್ಳಾಗುತ್ತದೆ. ಕಾಕಾ ಖಡಕ್ಕಾದ ಮನುಷ್ಯ, ಎಷ್ಟೋ ಸಲ ಕ್ರೂರಿ. ತಿಕೋಟಾ ಸಂತೆಯಲ್ಲಿ ಒಬ್ಬ ಹೆಣ್ಣುಮಗಳು ಎತ್ತು ತಂದಿದ್ದಳು. ಗಂಡ ಸತ್ತು ಒಂದು ತಿಂಗಳೂ ಆಗಿರಲಿಲ್ಲ. ಎತ್ತಿಗೆ ಎಣ್ಣೆ ಹಚ್ಚಿ, ಕೋಡಿಗೆ ಬಣ್ಣ ಬಳಿದು, ಬೆಲ್ಲ ತಿನ್ನಿಸಿ ನಿಲ್ಲಿಸಿದ್ದಳು. ಕಾಕಾ ಅದರ ಪಕ್ಕೆಗೆ ಕಿವಿ ಹಚ್ಚಿ ಎದ್ದು ನಿಂತು, "ದಮ್ಮಿನ ಬ್ಯಾನಿ ಐತಿ ಇದಕ್ಕ!" ಎಂದು ಸಂತೆಗೆಲ್ಲ ಕೇಳುವಂತೆ ಕೂಗಿದರು.

ಆಕೆ ಅವರ ಕಾಲು ಹಿಡಿದಳು. "ಯಪ್ಪಾ, ಮೆಲ್ಲಕ ಹೇಳೋ. ಮನ್ಯಾಗ ಮೂರ ಕೂಸದಾವ."

"ಮೆಲ್ಲಕ ಹೇಳಿದ ಐಬು, ಮುಚ್ಚಿಟ್ಟ ಐಬು, ಎರಡೂ ಒಂದ, ತಂಗಿ."

ಎತ್ತನ್ನು ಯಾರೂ ಮೂಸಿ ನೋಡಲಿಲ್ಲ. ಹೊತ್ತು ಇಳಿದ ಮೇಲೆ ಹಗ್ಗ ಹಿಡಿದು ಹೊರಟವಳು ನಮ್ಮ ಮುಂದೆ ನಿಂತು, "ನಿನಗೂ ನಿನ್ನಂಥಾ ಒಬ್ಬ ದಲಾಲ ಸಿಗಲಿ" ಎಂದು ಮಣ್ಣು ತೂರಿದಳು. ಕಾಕಾ ಪಟಕಾದ ಧೂಳು ಕೊಡವಿಕೊಂಡು, "ಸಿಕ್ರ ನನ್ನ ಪುಣ್ಯ" ಎಂದರು. ನಾನು ಜೋರಾಗಿ ನಕ್ಕೆ. ಗುರು ನಗಿಸಿದಾಗ ನಗಬೇಕಲ್ಲ.

ಮುಂದೆ ಒಂದು ವರ್ಷ ಕಳೆದಿರಬೇಕು. ಬಬಲೇಶ್ವರದಲ್ಲಿ ಟವಲಿನ ಕೆಳಗೆ ಅವರ ಕೈ ಹಿಡಿದವನು ಬೆಚ್ಚಿದೆ. ಕೈ ಬಿಸಿಯಾಗಿತ್ತು. ಜ್ವರದ ಒಣ ಬಿಸಿಯಲ್ಲ, ಆಗಷ್ಟೇ ಹಿಂಡಿದ ಬಟ್ಟೆಯಂಥ ಒದ್ದೆ ಬಿಸಿ.

"ಕಾಕಾ, ಮೈಯಾಗ ಆರಾಮಿಲ್ಲೇನ್ರಿ?"

"ನಿನ್ನ ಕೈ ಸತ್ತೈತಿ ಮಗನ, ಅದಕ್ಕ ನಂದು ಬಿಸಿ ಹತ್ತತೈತಿ."

ಮುಂದಿನ ಸಂತೆಗಳಲ್ಲಿ ಬಿಸಿಯ ಜೊತೆಗೆ ನಡುಕ ಬಂತು. ಕಣ್ಣಿಗೆ ಕಾಣುವ ನಡುಕವಲ್ಲ. ತಂಬೂರಿ ತಂತಿ ಬಾರಿಸಿ ಬಿಟ್ಟ ಮೇಲೆ ಬೆರಳಿಗೆ ತಾಗುತ್ತದಲ್ಲ, ಅಂಥದ್ದು. ಬೇರೆ ಯಾವ ಕಸುಬಿನಲ್ಲಾದರೂ ಅದು ಯಾರಿಗೂ ಗೊತ್ತಾಗುತ್ತಿರಲಿಲ್ಲ. ಸುತಾರ, ಸಿಂಪಿಗ, ಕಾರಕೂನ ಯಾರೇ ಆಗಿದ್ದರೂ ಇನ್ನಾರು ತಿಂಗಳು ತಳ್ಳುತ್ತಿದ್ದರು. ಕಾಕಾನ ಕಸುಬು ಬೆರಳಿನ ಒತ್ತಿನದು. ಅವರು ಗೆಣ್ಣನ್ನು ಒಂದು ಸಲ ಒತ್ತಿದರೆ ನಡುಕ ಅದನ್ನು ಎರಡು ಸಲ ಮಾಡುತ್ತಿತ್ತು. ಒಂದು ಜೋಡಿ ಹೋರಿಯ ವ್ಯಾಪಾರ ಮುಗಿಯುವ ಹಂತದಲ್ಲಿ ಕೊಳ್ಳುವವನು ತಟ್ಟನೆ ಕೈ ಎಳೆದುಕೊಂಡ.

"ಏನ್ರಿ ದಲಾಲ್ರ, ಒಂದ ಬಾಯಾಗ ಎರಡ ಮಾತ ಕೇಳೀನಿ. ಒಂದ ಬೆರಳಾಗ ಎರಡ ಭಾವ ಇವತ್ತ ನೋಡಿದೆ!"

ಮಾರುವವನೂ ಕೈ ಎಳೆದುಕೊಂಡ. ಕಾಕಾ ಮೋಸ ಮಾಡಿದರು, ನಡುವೆ ನುಂಗಲು ನೋಡಿದರು ಎಂದಾಯಿತು. ನಡುಗುವ ಕೈ ನುಂಗುವ ಕೈ ಎಂಬುದು ದನದವರ ನಂಬಿಕೆ. ಮೂವತ್ತು ವರ್ಷದ ಹೆಸರು ಒಂದು ಗೆಣ್ಣಿನ ಮೇಲೆ ಹೋಯಿತು. "ಗೋಳಗುಮ್ಮಟದಾಗ ಆಡಿದ್ದು ಏಳ ಸಲ ಕೇಳಸ್ತೈತಿ, ಸಂತ್ಯಾಗ ಆಡಿದ್ದು ಎಪ್ಪತ್ತ ಸಲ" ಎಂದು ಕಾಕಾ ಬಸ್ಸಿನಲ್ಲಿ ನಗಲು ನೋಡಿದರು. ತೊಡೆಯ ಮೇಲಿಟ್ಟ ಕೈ ನಡುಗುತ್ತಲೇ ಇತ್ತು.

ಅವರ ಹೆಂಡತಿಗೆ ನಾವೆಲ್ಲ ಕಾಕು ಎನ್ನುತ್ತಿದ್ದೆವು. "ಮುಂಜಾನೆ ಎದ್ದು ತುಂಬಿದ ತಂಬಿಗಿ ಹಿಡಕೊಂಡ ಕೈ ಚಾಚಿ ನಿಂದರ್ತಾರ. ನೀರ ಚೆಲ್ಲಿದ್ರ ಬೈತಾರ. ಯಾರಿಗಿ ಬೈತಾರ ತಿಳಿವಲ್ದು" ಎಂದು ಆಕೆ ಹೇಳಿದರು. ಏಳೆಂಟು ರೊಟ್ಟಿ ಉಂಡರೂ ಪಕ್ಕೆಲುಬು ಎಣಿಸಲು ಸಿಗುತ್ತಿದ್ದವು. ಚಳಿಗಾಲದಲ್ಲಿ ನಾವು ಕಂಬಳಿ ಹೊದ್ದು ಕೂತರೆ ಅವರು ಬರಿಮೈಯಲ್ಲಿ ಬೆವರುತ್ತಿದ್ದರು. ಎದೆ ಹೊಡೆದುಕೊಳ್ಳುವುದು ಅಂಗಿಯ ಮೇಲಿಂದಲೇ ಕಾಣುತ್ತಿತ್ತು.

ಆಮೇಲೆ ಕಣ್ಣು. ಬರಬರುತ್ತ ಎರಡೂ ಗುಡ್ಡೆ ಹೊರಗೆ ಬಂದವು. ರೆಪ್ಪೆ ಪೂರ್ತಿ ಮುಚ್ಚುತ್ತಿರಲಿಲ್ಲ. ಕರಿಯ ಸುತ್ತ ಬಿಳಿ ಉಂಗುರ ಕಾಣುತ್ತಿತ್ತು. ಸಿಡಿಲಿಗೆ ಬೆದರಿದ ಹೋರಿಯ ಕಣ್ಣು. ಅವರು ಬರುವುದು ಕಂಡರೆ ಹೆಂಗಸರು ಕರುವಿನ ಮುಖಕ್ಕೆ ಸೆರಗು ಮುಚ್ಚುತ್ತಿದ್ದರು. ಯಾರದೋ ಆಕಳು ಬತ್ತಿತು, ಕಾಕಾನ ಕಣ್ಣು ತಾಗಿತು ಎಂದರು. ಆ ಆಕಳಿಗೆ ಕೆಚ್ಚಲು ಬೇನೆ ಇದ್ದದ್ದು ನನಗೆ ಗೊತ್ತಿತ್ತು. ನಾನು ಹೇಳಲಿಲ್ಲ. ಗಿರಾಕಿಯ ಜೊತೆ ವಾದ ಮಾಡಬಾರದು ಎಂಬುದು ಇನ್ನೊಂದು ಪಾಠ. ಅದನ್ನು ನನಗೆ ಯಾರೂ ಕಲಿಸಲಿಲ್ಲ.

ತಿಕೋಟಾದಲ್ಲಿ ಮೂವರು ದಲಾಲರು ಅವರನ್ನು ತಡೆದು ನಿಲ್ಲಿಸಿ, ಎತ್ತಿನ ವಯಸ್ಸು ನೋಡುವ ಹಾಗೆ ಗಲ್ಲ ಹಿಡಿದರು.

"ಬಾಯಿ ತಗೀರಿ ಕಾಕಾ, ಹಲ್ಲ ನೋಡೂನು. ಬಾಯಿಗೂಡಿದ ಎತ್ತೋ ಏನ ಇನ್ನೂ ಆರ ಹಲ್ಲೋ?"

"ಬಾಯಿಗೂಡಿ ಹಲ್ಲ ಸವದಾವಲೇ. ಕಟುಕರೂ ಒಯ್ಯಾಂಗಿಲ್ಲ."

"ಕಣ್ಣ ನೋಡಪಾ, ಬೀಳ್ತಾವು! ಕೆಳಗ ಬುಟ್ಟಿ ಹಿಡೀರಿ!"

ಕಾಕಾ ಬಾಯಿ ತೆರೆದು ನಿಂತರು. ಅದೇ ನನಗೆ ಸೋಜಿಗ. ಅವರು ಆ ಕೈಯನ್ನು ಕೊಡವಿ ಹಾಕಬಹುದಿತ್ತು. ನೂರಾರು ಎತ್ತುಗಳ ಬಾಯಿಯನ್ನು ಹೀಗೇ ಬಿಚ್ಚಿಸಿದ ಮನುಷ್ಯ, ತನ್ನ ಸರದಿ ಬಂತು ಎಂಬಂತೆ ನಿಂತರು. ನಾನೂ ನಕ್ಕೆ. ಸ್ವಲ್ಪ.

ಅದೇ ವರ್ಷ ಮೊಣಕಾಲಿನ ಕೆಳಗೆ, ಕಾಲಿನ ಮುಂಭಾಗದ ಎಲುಬಿನ ಮೇಲೆ ಚರ್ಮ ದಪ್ಪವಾಗತೊಡಗಿತು. ಮೊದಲು ಕೆಂಪು, ಆಮೇಲೆ ಕಂದು. ನಮ್ಮ ಕಡೆಯ ಬಲಿತ ನಿಂಬೆಹಣ್ಣಿನ ಸಿಪ್ಪೆ ನೋಡಿದ್ದೀರಲ್ಲ, ಹಾಗೆ ತೂತು ತೂತಾಗಿ ಉಬ್ಬಿದ ಚರ್ಮ. ಬಾವು ಎಂದು ಒತ್ತಿದರೆ ಗುಳಿ ಬೀಳುತ್ತಿರಲಿಲ್ಲ. ಬೆರಳ ತುದಿಗಳೂ ದುಂಡಗಾದವು. ಕಾಕಾ ಧೋತರವನ್ನು ಹಿಮ್ಮಡಿಯವರೆಗೆ ಇಳಿಬಿಟ್ಟುಕೊಂಡು ನಡೆಯತೊಡಗಿದರು. ಊರ ಐಬನ್ನೆಲ್ಲ ಕೂಗಿ ಹೇಳಿದವರು ಮೊದಲ ಸಲ ಒಂದನ್ನು ಮುಚ್ಚಿಟ್ಟರು.

ಒಂದು ಬೆಳಿಗ್ಗೆ ನನ್ನನ್ನು ಹಿತ್ತಿಲಿಗೆ ಕರೆದು ಧೋತರ ಎತ್ತಿ ತೋರಿಸಿದರು.

"ಎತ್ತಿನ ಕಾಲಾಗ ಹಿಂಗ ಚರ್ಮ ಬಲಿತ್ರ ಏನ ಮಾಡ್ತೀವಿ?"

"ಬರಿ ಹಾಕ್ತೀವ್ರಿ."

"ಮತ್ತ ನಿಂತ ಏನ ನೋಡ್ತೀ? ಕಬ್ಬಣ ಕಾಸು."

"ನೀವೇನ ಎತ್ತೇನ್ರಿ ಕಾಕಾ?"

"ಹಲ್ಲ ನೋಡಿದ ಮ್ಯಾಲ ಇನ್ನೇನ ಉಳಿದೈತೋ?"

ಕಾಕು ಕುಳ್ಳಿನ ಬೆಂಕಿ ಮಾಡಿಕೊಟ್ಟು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಕುಡುಗೋಲಿನ ಆಕಾರದ ಆ ಕಬ್ಬಿಣದಿಂದ ಕಾಕಾ ಎಷ್ಟೋ ದನಗಳಿಗೆ ಬರೆ ಎಳೆದಿದ್ದರು. ನಾನು ಅವರ ಎರಡೂ ಕಾಲಿಗೆ ಎಳೆದೆ, ಒಂದೊಂದಕ್ಕೆ ಮೂರು. ಅವರು ಬೇವಿನ ಮರ ತಬ್ಬಿ ನಿಂತಿದ್ದರು, ಬಾಯಿ ಬಿಡಲಿಲ್ಲ. ಎರಡನೆಯ ಕಾಲಿಗೆ ನನ್ನ ಕೈ ತಡೆದಾಗ, "ಅಂಜಬ್ಯಾಡ, ಅರ್ಧಾ ಹಾಕಿದ ಬರಿ ಹೆಚ್ಚ ಉರೀತೈತಿ" ಎಂದು ಅವರೇ ಹೇಳಿದರು. ಮುಚ್ಚಲಾಗದ ಆ ಕಣ್ಣುಗಳಿಂದ ನೀರು ತನ್ನಷ್ಟಕ್ಕೆ ಇಳಿಯುತ್ತಿತ್ತು. ಅದು ನೋವಿನದೋ ರೋಗದ್ದೋ ಹೇಳುವ ಹಾಗಿರಲಿಲ್ಲ.

ನನ್ನ ಮಾತು ಕೇಳಿ: ಮನುಷ್ಯರಿಗೆ ಬರೆ ಹಾಕಬೇಡಿ. ಯಾರು ಹೇಳಿದರೂ, ಹೇಳಿದವರು ಎಷ್ಟು ದೊಡ್ಡವರಾದರೂ. ದನದ ಚರ್ಮ ಬೇರೆ, ಬೇನೆಬಿದ್ದ ಚರ್ಮ ಬೇರೆ. ಆ ಗಾಯಗಳು ಮಾಯಲಿಲ್ಲ. ಸೋರಿದವು, ಧೋತರಕ್ಕೆ ಅಂಟಿದವು, ನೊಣ ಕರೆದವು. ಸಂತೆ ಅದನ್ನು ನೋಡಿತು. ಅಲ್ಲಿಯವರೆಗೆ ಮೋಸಗಾರ, ಕೆಟ್ಟಕಣ್ಣಿನವ ಎನ್ನುತ್ತಿದ್ದವರು ಈಗ ದನಿ ತಗ್ಗಿಸಿ "ದೊಡ್ಡ ರೋಗ" ಎಂದರು. ಕುಷ್ಠ ಎಂಬ ಮಾತನ್ನು ನಮ್ಮಲ್ಲಿ ಬಾಯಿಬಿಟ್ಟು ಆಡುವುದಿಲ್ಲ. ಮೋಸಗಾರನ ಕೈಯನ್ನಾದರೂ ಬಯ್ದುಕೊಂಡು ಹಿಡಿಯುತ್ತಾರೆ. ಈ ಕೈಯನ್ನು ಯಾರು ಹಿಡಿಯುತ್ತಾರೆ? ಕಾಕಾ ಟವಲು ಹರಡಿ ನಿಂತರೆ ಜನ ಎತ್ತಿನ ಇನ್ನೊಂದು ಬದಿಗೆ ಸರಿಯುತ್ತಿದ್ದರು, ಸರಿದವರು ನನ್ನ ಬಳಿ ಬರುತ್ತಿದ್ದರು. ನನ್ನ ಹೆಗಲಿಗೂ ಅಷ್ಟೊತ್ತಿಗೆ ಒಂದು ಟವಲು ಬಂದಿತ್ತು.

ಗೋಳಗುಮ್ಮಟದ ಹಿಂದಿನ ಓಣಿಯಲ್ಲಿ ಹೊಸದಾಗಿ ಒಬ್ಬ ಡಾಕ್ಟರು ಬಂದಿದ್ದರು. ಕಾಕುವಿನ ಹಟಕ್ಕೆ ಕಾಕಾನನ್ನು ಅಲ್ಲಿಗೆ ಕರೆದೊಯ್ದೆ. ಡಾಕ್ಟರು ಕಾಲು ನೋಡಿದವರು ಕೂಡಲೇ ಕುತ್ತಿಗೆಗೆ ಕೈ ಹಾಕಿದರು.

"ಕಾಲ ಬ್ಯಾನಿ ತೋರಸಾಕ ಬಂದ್ರ ಕುತ್ತಿಗಿ ಹಿಚುಕ್ತಾರಲ್ಲೋ ಹಗ್ಗದವನ" ಎಂದರು ಕಾಕಾ.

ಡಾಕ್ಟರು ಚಾಚಿದ ಬೆರಳುಗಳ ಮೇಲೆ ಒಂದು ಹಾಳೆ ಇಟ್ಟರು. ಹಾಳೆ ಗಾಳಿಗೆ ಸಿಕ್ಕಂತೆ ಪಟಪಟ ಅಲುಗಿತು. ಆಮೇಲೆ ಕಾಕಾನಿಗೆ ಅತ್ತ ನೋಡಲು ಹೇಳಿ, ದಪ್ಪವಾದ ಚರ್ಮಕ್ಕೆ ಸೂಜಿ ಚುಚ್ಚಿದರು. ಬರೆಗೆ ಬಾಯಿ ಬಿಡದ ಮನುಷ್ಯ "ಯವ್ವಾ!" ಎಂದು ಕೂಗಿದರು.

"ಹತ್ತಿತಲ್ಲ? ಛಲೋ ಆತು" ಎಂದು ಡಾಕ್ಟರು ನಕ್ಕರು. "ದೊಡ್ಡ ರೋಗ ಇದ್ದಿದ್ರ ಹತ್ತಿದ್ದೇ ತಿಳೀತಿರಲಿಲ್ಲ. ಇದು ಅದಲ್ಲ. ಕುತ್ತಿಗ್ಯಾಗ ಒಂದು ಗ್ರಂಥಿ ಅದ, ಒಲಿ ಇದ್ದಂಗ. ಅದು ಹುಚ್ಚ ಹಿಡದು ಉರೀಲಿಕ್ಕತ್ತದ. ನಡುಕ, ಬೆವರು, ಹಸಿವು ಅದರದ. ಕಣ್ಣು, ಕಾಲ, ಬೆರಳು ಇವೂ ಅದರ ಜೋಡಿ ಬಂದಾವ. ಒಬ್ಬರಿಂದ ಒಬ್ಬರಿಗೆ ಅಂಟೂದಲ್ಲ." ನಂತರ ಗಾಯದ ಕಡೆ ತಿರುಗಿದರು. ನಗು ಹೋಯಿತು. "ಇದನ್ನ ಯಾವ ಕತ್ತೆ ಮಾಡಿದ್ದು?"

ನಾನು ಗೋಡೆ ನೋಡಿದೆ.

"ನಾನ ಮಾಡ್ಕೊಂಡೇನ್ರಿ ಸಾಹೇಬ್ರ" ಎಂದರು ಕಾಕಾ.

ಮಿರಜಿನ ದೊಡ್ಡ ದವಾಖಾನೆಗೆ ಹೋಗಿ ಕುತ್ತಿಗೆಯ ಗ್ರಂಥಿಯನ್ನು ಕೊಯ್ಯಿಸಬೇಕು ಎಂದು ಡಾಕ್ಟರು ಚೀಟಿ ಬರೆದರು. "ಒಲಿ ಆರಿದ್ರ ನಡುಕ ಹೋಗ್ತದ. ಕಣ್ಣಿಂದು, ಕಾಲಿಂದು ಮಾತ್ರ ನಾ ಮಾತ ಕೊಡಾಂಗಿಲ್ಲ. ಮತ್ತ ಒಲಿ ಪೂರಾ ಆರಿ ಮೈ ತಣ್ಣಗಾದ್ರ ಜೀವ ಇರೂತನಾ ಗುಳಿಗಿ ನುಂಗಬೇಕಾಗ್ತದ."

ಕಾಕಾ ಎರಡೂ ಕೈ ಜೋಡಿಸಿದರು. "ಐಬು ಮೊದ್ಲ ಹೇಳಿದ್ರಿ. ನಿಮ್ಮ ಕೈಯಾಗ ಕುತ್ತಿಗಿ ಕೊಡಾಕ ಅಡ್ಡಿಯಿಲ್ರಿ."

ಓಣಿಯಿಂದ ಹೊರಗೆ ಬರುವಾಗ ಅವರ ನಡಿಗೆಯೇ ಬೇರೆಯಾಗಿತ್ತು. ರೋಗ ಇದೆ ಎಂದು ಕೇಳಿ ಅಷ್ಟು ಸಂತೋಷಪಟ್ಟ ಇನ್ನೊಬ್ಬರನ್ನು ನಾನು ನೋಡಿಲ್ಲ. ನಿಂತು ನನ್ನ ಹೆಗಲ ಮೇಲೆ ಆ ಬಿಸಿ ಕೈ ಇಟ್ಟರು.

"ನಾ ಬರೂದರಾಗ ಮೂರೂ ಸಂತ್ಯಾಗ ಹೇಳಿಬಿಡು. ಅಂಟೂದಲ್ಲ ಅಂತ ಹೇಳು. ಸೂಜಿ ಚುಚ್ಚಿದ್ದ ಹೇಳು. ನೀ ಕಣ್ಣಾರೆ ನೋಡೀದಿ. ನನಗ ಬ್ಯಾರೆ ಏನೂ ಬ್ಯಾಡೋ. ಟವೆಲ್ಲಿನಾಗ ಮಂದಿ ಕೈ ಇಟ್ರ ಸಾಕು."

ಅವರು ಮಿರಜಿಯಲ್ಲಿ ಇದ್ದಷ್ಟು ವಾರ ನಾನು ಒಂದು ಸಂತೆಯನ್ನೂ ತಪ್ಪಿಸಲಿಲ್ಲ. ಜನ ಕೇಳಿದರು.

"ಏನೋ ಹಗ್ಗದವನ, ನಿಮ್ಮ ಗುರು ಎಲ್ಲಿ?"

"ಮಿರಜೀಗಿ ಒಯ್ದಾರ್ರಿ."

"ದೊಡ್ಡ ರೋಗ ಅಂತಲ್ಲ, ಖರೇನ?"

"ದೊಡ್ಡ ಡಾಕ್ಟರ್ ನೋಡಾಕತ್ತಾರ್ರಿ. ದೇವ್ರ ಅದಾನ."

ಇಷ್ಟೇ ಹೇಳಿ ಆಕಾಶ ನೋಡುತ್ತಿದ್ದೆ. ಒಂದು ಸುಳ್ಳೂ ಆಡಲಿಲ್ಲ. ಸಂತೆಯಲ್ಲಿ ಸುಳ್ಳಾಡುವವನು ಹೆಡ್ಡ, ಬುದ್ಧಿವಂತ ಸುಮ್ಮನಿರುತ್ತಾನೆ. ಕಾಕಾನ ಮೂವತ್ತು ವರ್ಷದ ಗಿರಾಕಿಗಳು ಒಬ್ಬೊಬ್ಬರಾಗಿ ನನ್ನ ಟವಲಿನ ಕೆಳಗೆ ಕೈ ಇಟ್ಟರು. ನನ್ನ ಕೈ ತಣ್ಣಗಿತ್ತು, ಒಣಗಿತ್ತು, ನಡುಗುತ್ತಿರಲಿಲ್ಲ.

ಅವರು ಬಂದದ್ದು ಬಬಲೇಶ್ವರ ಸಂತೆಗೆ, ನೆಟ್ಟಗೆ ಬಸ್ಸಿನಿಂದ. ಕುತ್ತಿಗೆಗೆ ಅಡ್ಡಲಾಗಿ ಗಾಯದ ಗುರುತು, ಹಳದಿ ಪಟಕಾ ಹೊಸದು, ಟವಲು ಒಗೆದು ಬೆಳ್ಳಗೆ ಮಾಡಿದ್ದು. ಕಣ್ಣು ಹಾಗೇ ಹೊರಗಿದ್ದವು. ಜನ ದಾರಿ ಬಿಟ್ಟರು, ಗೌರವದಿಂದ ಅಲ್ಲ. ಕಾಕಾ ಬೇವಿನ ಮರದ ಕೆಳಗೆ, ತಮ್ಮ ಹಳೆಯ ಜಾಗದಲ್ಲಿ ನಿಂತರು. ಅಲ್ಲಿ ಆಗ ನಾನು ನಿಲ್ಲುತ್ತಿದ್ದೆ. ಒಂದು ಹೆಜ್ಜೆ ಸರಿದೆ.

ಯಾರೂ ಮಾತಾಡಿಸಲಿಲ್ಲ. ಕಾಕಾನಿಗೆ ಒಂದು ಗಳಿಗೆ ಸಾಕಾಯಿತು. ನಾನು ಹೇಳಿಲ್ಲ ಎಂಬುದು ಅವರಿಗೆ ತಿಳಿಯಿತು. ನನ್ನ ಕಡೆ ನೋಡಲೂ ಇಲ್ಲ. ಧೋತರದ ಅಂಚನ್ನು ಎರಡೂ ಕೈಯಲ್ಲಿ ಹಿಡಿದು ಮೊಣಕಾಲ ಮೇಲಕ್ಕೆತ್ತಿ, ಎತ್ತು ಮಾರುವ ಅದೇ ದೊಡ್ಡ ದನಿಯಲ್ಲಿ ಕೂಗಿದರು:

"ಬರ್ರೆಪಾ ಬರ್ರಿ! ಇವತ್ತ ಒಂದ ಮುದಿ ಎತ್ತ ತಂದೇನಿ. ಐಬು ಮೊದ್ಲ ಹೇಳ್ತೀನಿ. ಕಣ್ಣ ಹೊರಗ ಬಂದಾವ, ಇನ್ನ ಒಳಗ ಹೋಗಾಂಗಿಲ್ಲ. ಕಾಲಾನ ಚರ್ಮ ಬಲಿತೈತಿ, ಅದ್ರ ಮ್ಯಾಲ ಬರಿ ಗಾಯ, ಮಾಯ್ದಿಲ್ಲ. ಬೆರಳ ತುದಿ ಬಾತಾವ. ಕುತ್ತಿಗಿ ಕೊಯ್ದಾರ. ಅಂಟೂ ರೋಗ ಅಲ್ಲ, ಡಾಕ್ಟರ್ ಸೂಜಿ ಚುಚ್ಚಿ ನೋಡ್ಯಾರ. ಕೈ ಈಗ ನಡುಗಾಂಗಿಲ್ಲ. ಐಬು ಮುಗದ್ವು. ಯಾರ ಹಿಡೀತೀರಿ ಹಿಡೀರಿ!"

ಧೋತರ ಬಿಟ್ಟು, ಬಲಗೈ ಚಾಚಿ, ಅದರ ಮೇಲೆ ಟವಲು ಹರಡಿ ನಿಂತರು. ಟವಲಿನ ಅಂಚು ಅಲುಗಲಿಲ್ಲ. ಹಿಂದೆ ಅವರ ಗಲ್ಲ ಹಿಡಿದಿದ್ದ ದಲಾಲರಲ್ಲಿ ಒಬ್ಬ, "ಸಾಕ್ಷಿ ಯಾರ ಅದಕ್ಕ?" ಎಂದ. ಎಲ್ಲರೂ ನನ್ನ ಕಡೆ ತಿರುಗಿದರು.

"ಹೌದ್ರಿ" ಎಂದೆ ನಾನು. "ಅಂಟೂದಲ್ಲ ಅಂದ್ರು ಡಾಕ್ಟರು. ನಾ ಅಲ್ಲೇ ಇದ್ದೆ."

"ಹಂಗಿದ್ರ ನೀನ ಮೊದ್ಲ ಹಿಡಿ ನೋಡೂನು!"

ಹೋದೆ. ಟವಲಿನ ಕೆಳಗೆ ಕೈ ಹಾಕಬೇಕು. ಪದ್ಧತಿಯಲ್ಲಿ ಬಟ್ಟೆ ಮೇಲಿರುತ್ತದೆ, ಕೆಳಗೆ ಚರ್ಮಕ್ಕೆ ಚರ್ಮ. ನಾನು ಕೈ ಹಾಕುವಾಗ ಟವಲಿನ ಅಂಚನ್ನು ನನ್ನ ಬೆರಳಿಗೆ ಸುತ್ತಿಕೊಂಡೆ. ಸುತ್ತಿಕೊಳ್ಳಬೇಕೆಂದು ಮನೆಯಿಂದ ಯೋಚಿಸಿ ಬಂದಿರಲಿಲ್ಲ. ಕೈ ತಾನೇ ಸುತ್ತಿಕೊಂಡಿತು. ಬಟ್ಟೆಯ ಮೇಲಿಂದ ಅವರ ಕೈ ಹಿಡಿದೆ.

ಸಂತೆ ಬಾಯನ್ನು ನಂಬುವುದಿಲ್ಲ, ಕೈಯನ್ನು ನಂಬುತ್ತದೆ. ನನ್ನ ಬಾಯಿ ನಿಜ ಹೇಳಿತ್ತು. ನನ್ನ ಕೈಯನ್ನು ನೂರು ಜನ ನೋಡಿದರು.

ಕಾಕಾ ಆ ಉಬ್ಬಿದ ಕಣ್ಣುಗಳಿಂದ ನನ್ನನ್ನು ಎಷ್ಟೋ ಹೊತ್ತು ನೋಡಿದರು. ಆಮೇಲೆ ಸಣ್ಣ ದನಿಯಲ್ಲಿ, ನನಗಷ್ಟೇ ಕೇಳುವಂತೆ, "ಬಟ್ಟೀ ಭಾವ ಕೇಳಾಕ ಬಂದೀ ಏನಲೇ?" ಎಂದರು. ಅವರು ಜೀವಮಾನದಲ್ಲಿ ಮೆಲ್ಲಗೆ ಹೇಳಿದ ಐಬು ಅದೊಂದೇ, ನನ್ನದು. ಟವಲು ಎಳೆದುಕೊಂಡು, ಒಮ್ಮೆ ಕೊಡವಿ, ಹೆಗಲಿಗೆ ಹಾಕಿಕೊಂಡು ಬಸ್ಸಿನ ಕಡೆ ನಡೆದರು.

ಮತ್ತೆ ಸಂತೆಗೆ ಬರಲಿಲ್ಲ. ನಾನು ಅವರ ಮನೆಯ ಕಡೆ ಹೋಗಲು ಒಂದು ವರ್ಷವೇ ಬೇಕಾಯಿತು. ಹೋದಾಗ ಗುರುತು ಸಿಗಲಿಲ್ಲ. ಚಳಿಗಾಲದಲ್ಲಿ ಬರಿಮೈ ಕೂರುತ್ತಿದ್ದವರು ಮಟಮಟ ಮಧ್ಯಾಹ್ನ ಬಿಸಿಲಲ್ಲಿ ಎರಡು ಕಂಬಳಿ ಹೊದ್ದಿದ್ದರು. ಮುಖ ಊದಿ ಮಂಕಾಗಿತ್ತು, ಹುಬ್ಬಿನ ಹೊರತುದಿ ಉದುರಿತ್ತು, ಕೈಯ ಚರ್ಮ ಒಣಗಿ ಹೊಟ್ಟಿನಂತೆ ಏಳುತ್ತಿತ್ತು. ದನಿ ಕಪ್ಪೆಯದಾಗಿತ್ತು. ಒಂದು ಕಣ್ಣು ಮುಚ್ಚಲಾಗದೆ ಒಣಗಿ, ಹುಣ್ಣಾಗಿ, ಹೂ ಬಿದ್ದು ಹೋಗಿತ್ತು. ಒಲೆ ಪೂರ್ತಿ ಆರಿತ್ತು. ಡಾಕ್ಟರು ಹೇಳಿದ್ದ ಗುಳಿಗೆಯನ್ನು ಅವರು ನುಂಗುತ್ತಿರಲಿಲ್ಲ.

"ಗುಳಿಗಿ ಕೊಟ್ರ, ಯಾರಿಗಿ ಮಾರೂದೈತಿ ಅಂತ ಈ ಎತ್ತಿಗಿ ಮೇವ ಹಾಕ್ತೀ ಅಂತ ನನ್ನ ಮ್ಯಾಲ ಉಗುಳ್ತಾರ" ಎಂದರು ಕಾಕು.

"ಕಾಕಾ, ಗುಳಿಗಿ ಬಿಡಬಾರದ್ರಿ. ಹಂಗೆಲ್ಲಾ ಮಾಡಬಾರ್ದು" ಎಂದೆ ನಾನು.

ಅವರು ಕಂಬಳಿ ಸರಿಸಿದರು. ಒಂದೊಂದು ಮಾತೂ ಬಾವಿಯಿಂದ ಕೊಡ ಎಳೆದಂತೆ ಮೇಲೆ ಬರುತ್ತಿತ್ತು. "ಭಾಳ... ಚಲೋ ಸಲಹಾ ಕೊಡ್ತೀ. ಬರೇ ಬಾಯಿಂದ."

ನನ್ನ ಮಗಳು ಕಾಲೇಜಿಗೆ ಹೋಗುವ ವಯಸ್ಸಿನಲ್ಲಿ, ಈ ಕಥೆ ಮುಗಿದು ಎಷ್ಟೋ ವರ್ಷದ ಮೇಲೆ, ನನಗೆ ಚಹಾ ಕೊಡುವಾಗ ಅವಳ ಬೆರಳು ನನ್ನ ಬೆರಳಿಗೆ ತಾಗಿತು. ಬಿಸಿ, ಒದ್ದೆ, ತಂಬೂರಿ ತಂತಿಯ ನಡುಕ. ಬಟ್ಟಲು ಕೆಳಗಿಟ್ಟು ಅವಳ ಕೈ ಹಿಡಿದೆ, ಬಿಡಲಿಲ್ಲ. ಮರುದಿನವೇ ಮಿರಜಿಗೆ ಕರೆದೊಯ್ದೆ. ಮೈಯನ್ನು ಕಾಯಬೇಕಾದ ಕಾವಲುಗಾರನೇ ದಾರಿ ತಪ್ಪಿ ಆ ಗ್ರಂಥಿಯ ಮೇಲೆ ಬೀಳುವ ರೋಗ ಎಂದು ಅಲ್ಲಿಯ ಡಾಕ್ಟರು ಬಿಡಿಸಿ ಹೇಳಿದರು. ಬೇಗ ಬಂದದ್ದಕ್ಕೆ ಕಣ್ಣು ಉಳಿಯಿತು, ಕಾಲಿನ ಚರ್ಮ ಉಳಿಯಿತು. "ಇಷ್ಟ ಲಗೂ ಹೆಂಗ ಗುರ್ತ ಹಿಡದ್ರಿ?" ಎಂದು ಕೇಳಿದರು. ದನದ ಸಂತೆಯಲ್ಲಿ ಕಲಿತೆ ಎಂದೆ. ಅವರು ಚೇಷ್ಟೆ ಎಂದುಕೊಂಡರು. ನೀವೂ ನೆನಪಿಡಿ: ಮನೆಯಲ್ಲಿ ಯಾರ ಕೈಯಾದರೂ ಕಾರಣವಿಲ್ಲದೆ ಬಿಸಿಯಾಗಿ ಬೆವರಿ ನಡುಗಿದರೆ, ಉಂಡದ್ದು ಮೈಗೆ ಹತ್ತದಿದ್ದರೆ, ಕುತ್ತಿಗೆ ತೋರಿಸಿ. ಈ ಸಲಹೆಗೆ ಬೆಲೆ ತೆತ್ತವರು ಕಾಕಾ.

ಕಾಕಾ ತೀರಿಹೋದದ್ದು ಅದಕ್ಕೂ ಬಹಳ ಹಿಂದೆ, ಒಂದು ಮಾಗಿಯ ಬೆಳಿಗ್ಗೆ. ಸುದ್ದಿ ಕೇಳಿ ಮೂರೂ ಸಂತೆಯ ದಲಾಲರು ಬಂದಿದ್ದರು, ಎಲ್ಲರೂ ಅಂಗಳದಲ್ಲೇ ನಿಂತಿದ್ದರು. ಒಳಗಿನಿಂದ ಕಾಕು ಬಾಗಿಲಿಗೆ ಬಂದರು. ಪ್ರತಿದಿನ ಗಂಡ ಮಲಗಿದ ಮೇಲೆ ಒದ್ದೆ ಬಟ್ಟೆಯಿಂದ ಆ ರೆಪ್ಪೆಗಳನ್ನು ಮುಚ್ಚಿ ಕಟ್ಟುತ್ತಿದ್ದ ಕೈಗಳು ಸುಮ್ಮನೆ ಜೋತುಬಿದ್ದಿದ್ದವು.

"ಕಣ್ಣ ಮುಚ್ಚವಲ್ಲವು" ಎಂದರು. "ಯಾರರ ಗಂಡಸರ ಬರ್ರಿ."

ಯಾರೂ ಕದಲಲಿಲ್ಲ. ಕಾಕು ನನ್ನನ್ನು ಹುಡುಕಿ ತೆಗೆದರು.

"ಅಂಗಳದಾಗ ನಿಂತ ಏನ ಭಾವ ಕಟ್ಟಾಕತ್ತೀಯೋ ಹಗ್ಗದವನ?"

ಒಳಗೆ ಹೋದೆ. ಅವರ ಮುಖದ ಮೇಲೆ ಅವರದೇ ಟವಲು ಹಾಸಿದ್ದರು. ಅದರ ಕೆಳಗೆ ಕೈ ಹಾಕಿದೆ, ಬರಿಗೈ. ರೆಪ್ಪೆಗಳನ್ನು ಎಳೆದು ಒತ್ತಿ ಹಿಡಿದೆ. ಬಿಟ್ಟ ಕೂಡಲೇ ತೆರೆದುಕೊಂಡವು. ಮತ್ತೆ ಒತ್ತಿದೆ, ಮತ್ತೆ ತೆರೆದುಕೊಂಡವು. ಆಮೇಲೆ ಪಕ್ಕದಲ್ಲಿ ಬಿದ್ದಿದ್ದ ಬಲಗೈಯನ್ನು ಹಿಡಿದೆ. ತಣ್ಣಗೆ, ಒಣಗಿ, ಗಟ್ಟಿ. ನಾನು ಕಸುಬು ಕಲಿತಾಗ ಇದ್ದಂತೆಯೇ ಇತ್ತು. ವ್ಯಾಪಾರ ಮುಗಿಯಿತು ಎನ್ನಲು ಹೆಬ್ಬೆರಳನ್ನು ಒತ್ತುವುದು ನಮ್ಮ ಪದ್ಧತಿ. ಒತ್ತಿದೆ. ಕಾಯುತ್ತ ಕೂತೆ.

ಹೊರಗೆ ಬಂದಾಗ ಅಂಗಳದವರು ನನ್ನ ಮುಖ ನೋಡಲಿಲ್ಲ, ಕೈ ನೋಡಿದರು.

"ಮುಟ್ಟಿದಿ ಏನೋ?" ಎಂದ ಒಬ್ಬ, ಮೆಲ್ಲಗೆ. ಇನ್ನೊಬ್ಬ ಕೊಡದಿಂದ ತಂಬಿಗೆ ತುಂಬಿ ತಂದು, ಒಂದು ಮಾರು ದೂರದಿಂದ ಚಾಚಿದ. "ತಗೋ, ತೊಳ್ಕೋ ಮೊದ್ಲ. ನಾಳೆ ತಿಕೋಟಾ ಸಂತಿ ಐತಿ."

ಕಾಕು ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ನಾನು ಕೈ ಚಾಚಿದೆ. ಅವನು ನೀರು ಹಾಕಿದ, ನಾನು ತೊಳೆದುಕೊಂಡೆ.